ದಾರದ ತೋರಣಕ್ಕೆ ಕೂಲಿ ಎಷ್ಟು?

ಗೌರಿ–ಗಣೇಶ ಹಬ್ಬದಿಂದ ದೀಪಾವಳಿಯವರೆಗೆ ನಂಜನಗೂಡಿನ ಅಂಗಡಿ ಸಾಲಿನಲ್ಲಿ ನಡೆದರೆ ತಲೆಗೆ ತಾಗುವಷ್ಟು ತೋರಣಗಳು ತೂಗಾಡುತ್ತಿರುತ್ತವೆ. ಮಣಿ ಪೋಣಿಸಿದವು, ಉಲ್ಲನ್ ಕುಚ್ಚಿನವು, ಪ್ಲಾಸ್ಟಿಕ್ ಮಾವಿನೆಲೆಯವು, ಈಚೆಗೆ ಹತ್ತಿಯ ಹಗ್ಗಕ್ಕೆ ಗಂಟು ಹಾಕಿ ಮಾಡುವ ‘ಮ್ಯಾಕ್ರಮೆ’ಯವು. ಇವುಗಳಲ್ಲಿ ಹಲವನ್ನು ನಮ್ಮ ಹುಲ್ಲಹಳ್ಳಿಯಂಥ ಹೋಬಳಿ ಊರುಗಳಲ್ಲಿ ಮನೆಯಲ್ಲೇ ಕುಳಿತು ಮಾಡಬಹುದು. ಪದವಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರು ಮೊಬೈಲ್‌ನಲ್ಲಿ ವಿಡಿಯೊ ನೋಡುತ್ತಾ, ಕಟ್ಟುತ್ತಾ, ಬಿಚ್ಚುತ್ತಾ ಕಲಿಯುತ್ತಿದ್ದಾರೆ. ‘ಸುಮ್ಮನೆ ಕೂರೋ ಬದಲು ಏನೋ ಒಂದು’ ಎನ್ನುವುದು ಮನೆಯವರ ಮಾತು. ಆ ‘ಏನೋ ಒಂದು’ ಹವ್ಯಾಸವೋ ಉದ್ಯೋಗವೋ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇದು ಸಣ್ಣ ಪ್ರಶ್ನೆಯಲ್ಲ. ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ, ದೇಶದ ದುಡಿಯುವವರಲ್ಲಿ ಸ್ವಯಂ ಉದ್ಯೋಗಿಗಳ ಪಾಲು 2017–18ರಲ್ಲಿ ಶೇ 52.2 ಇತ್ತು. 2023–24ರ ವೇಳೆಗೆ ಅದು ಶೇ 58.4ಕ್ಕೆ ಏರಿತು. ಸಂಬಳದ ಕೆಲಸದಲ್ಲಿರುವವರ ಪಾಲು ಇದೇ ಅವಧಿಯಲ್ಲಿ ಶೇ 22.8ರಿಂದ 21.7ಕ್ಕೆ ಇಳಿಯಿತು. ಅಂದರೆ ನಮ್ಮ ತಲೆಮಾರಿನ ಬಹಳಷ್ಟು ಮಂದಿಗೆ ತಿಂಗಳ ಸಂಬಳದ ಬದಲು ‘ನಾವೇ ಏನಾದರೂ ಮಾಡಿಕೊಳ್ಳುವುದು’ ಗತಿಯಾಗಿದೆ. ಆದ್ದರಿಂದ ಒಂದು ತೋರಣವನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಗಂಟು ಕಲಿಸುವ ಪಾಠ

ಈ ಕೆಲಸಕ್ಕೆ ಯಂತ್ರ ಬೇಡ. ಒಂದು ಕೋಲು, ಕತ್ತರಿ, ಟೇಪು, ಹಗ್ಗ ಇದ್ದರೆ ಸಾಕು. ಆದರೆ ವಿಡಿಯೊದಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಕೆಲಸ ಕೈಯಲ್ಲಿ ಹಾಗೆ ಮುಗಿಯುವುದಿಲ್ಲ. ಮೊದಲ ತೊಡಕು ಅಳತೆಯದು. ಗಂಟು ಹಗ್ಗವನ್ನು ನುಂಗುತ್ತದೆ. ಮಡಚಿ ಕೋಲಿಗೆ ಸಿಕ್ಕಿಸುವ ಹಗ್ಗವನ್ನು ತೋರಣದ ಉದ್ದಕ್ಕಿಂತ ಏಳೆಂಟು ಪಟ್ಟು ಉದ್ದಕ್ಕೆ ಕತ್ತರಿಸಿಕೊಳ್ಳಬೇಕೆಂಬುದು ರೂಢಿಯ ಲೆಕ್ಕ. ಕಡಿಮೆ ಬಿದ್ದರೆ ನಡುವೆ ಜೋಡಿಸಲು ಬರುವುದಿಲ್ಲ, ಹೆಚ್ಚಾದರೆ ಉಳಿದ ತುಂಡು ದಂಡ.

ಎರಡನೆಯದು ಗಂಟಿನ ಸ್ವಭಾವ. ಚೌಕ ಗಂಟಿಗೆ ಎರಡು ಅರ್ಧಗಳಿವೆ, ಒಂದು ಎಡದಿಂದ, ಇನ್ನೊಂದು ಬಲದಿಂದ. ಒಂದೇ ಅರ್ಧವನ್ನು ಮತ್ತೆ ಮತ್ತೆ ಹಾಕುತ್ತಾ ಹೋದರೆ ಪಟ್ಟಿ ನೇರವಾಗಿ ಇಳಿಯದೆ ಸುರುಳಿ ಸುತ್ತಿಕೊಳ್ಳುತ್ತದೆ. ಅದು ಬೇಕೆಂದೇ ಮಾಡಿದರೆ ಒಂದು ವಿನ್ಯಾಸ, ಗೊತ್ತಿಲ್ಲದೆ ಆದರೆ ಮೊದಲಿನಿಂದ ಬಿಚ್ಚುವ ಕೆಲಸ. ಮೂರನೆಯದು ಬಿಗಿ. ಬೆಳಿಗ್ಗೆ ಹಾಕಿದ ಗಂಟಿಗೂ ಕೈ ಸೋತ ಮೇಲೆ ಹಾಕಿದ ಗಂಟಿಗೂ ಬಿಗಿಯಲ್ಲಿ ವ್ಯತ್ಯಾಸ ಬಂದರೆ ತೋರಣ ಒಂದು ಕಡೆಗೆ ವಾಲುತ್ತದೆ. ನಾಲ್ಕನೆಯದು ಹಗ್ಗದ ಆಯ್ಕೆ. ಒಂದೇ ಎಳೆಯ ಮೆದು ಹಗ್ಗ ಕುಚ್ಚು ಬಾಚಲು ಚೆನ್ನ, ಆದರೆ ಎರಡು ಸಲ ಬಿಚ್ಚಿ ಕಟ್ಟಿದರೆ ನಾರು ಕಿತ್ತುಬರುತ್ತದೆ. ಕಲಿಯುವವರಿಗೆ ಮೂರು ಎಳೆ ಹೊಸೆದ ಹಗ್ಗವೇ ಸರಿ.

ಇದನ್ನೆಲ್ಲ ಹೇಳಲು ಕಾರಣವಿದೆ. ಕಲಿಕೆಯ ಅವಧಿಯೂ ಬಂಡವಾಳವೇ. ಅಂಗಡಿ ಇಡುವವರು ಮುಂಗಡ ಕೊಟ್ಟ ಹಣವನ್ನು ಬಂಡವಾಳವೆಂದು ಬರೆದಿಡುತ್ತಾರೆ. ಮನೆಯಲ್ಲಿ ಕಲಿಯುವವರು ಕೆಟ್ಟುಹೋದ ಹಗ್ಗವನ್ನೂ ಕಳೆದ ಗಂಟೆಗಳನ್ನೂ ಎಲ್ಲಿಯೂ ಬರೆಯುವುದಿಲ್ಲ. ಬರೆಯದೇ ಇದ್ದದ್ದು ಬೆಲೆಯಲ್ಲಿ ಸೇರುವುದೂ ಇಲ್ಲ.

ಒಂದು ತೋರಣದ ಲೆಕ್ಕ

ಎರಡು ಅಡಿ ಉದ್ದ, ಸುಮಾರು ಒಂದು ಗೇಣು ಅಗಲದ ಗೋಡೆ ತೋರಣವೊಂದನ್ನು ತೆಗೆದುಕೊಳ್ಳೋಣ. ಮಡಚಿ ಸಿಕ್ಕಿಸುವ 24 ಹಗ್ಗ, ಒಂದೊಂದೂ 16 ಅಡಿ. ಒಟ್ಟು 384 ಅಡಿ, ಅಂದರೆ ಸುಮಾರು 117 ಮೀಟರ್. ನೂರು ಮೀಟರ್ ಹಗ್ಗಕ್ಕೆ 300 ರೂಪಾಯಿ ಎಂದಿಟ್ಟುಕೊಂಡರೆ ಹಗ್ಗಕ್ಕೇ 351 ರೂಪಾಯಿ. ಕೋಲು, ಮಣಿಗೆ 30 ರೂಪಾಯಿ ಸೇರಿಸಿ. ಕೈ ಪಳಗಿದವರಿಗೂ ಆರು ಗಂಟೆ ಹಿಡಿಯಿತು ಎನ್ನೋಣ.

ಈಗ ಕೂಲಿ. 2025–26ಕ್ಕೆ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 46 ರೂಪಾಯಿ ಚಿಲ್ಲರೆ, ಆರು ಗಂಟೆಗೆ ಸುಮಾರು 278. ಮೂರನ್ನೂ ಕೂಡಿದರೆ 659 ರೂಪಾಯಿ. ಇದರಲ್ಲಿ ಲಾಭವಿಲ್ಲ, ಪಾರ್ಸೆಲ್ ಖರ್ಚಿಲ್ಲ, ಕಲಿಯುವಾಗ ಹಾಳಾದ ಹಗ್ಗದ ಬಾಬ್ತೂ ಇಲ್ಲ. ಮಣ್ಣು ಹೊರುವ ಕೂಲಿಯಷ್ಟೇ ಸಿಗಬೇಕಾದರೂ ಇಷ್ಟಾಗಬೇಕು. ಅದೇ ತೋರಣವನ್ನು 500 ರೂಪಾಯಿಗೆ ಮಾರಿದರೆ ಕೈಗೆ ಉಳಿಯುವುದು 119. ಗಂಟೆಗೆ 20 ರೂಪಾಯಿಯೂ ಬೀಳಲಿಲ್ಲ.

‘ಮನೆಯಲ್ಲೇ ಕೂತು ಮಾಡಿದ್ದಲ್ವಾ, ಬಂದಷ್ಟು ಬಂತು’ ಎಂಬ ಮಾತು ಇಲ್ಲಿಂದಲೇ ಹುಟ್ಟುತ್ತದೆ. ಮಾಡಿದವರಿಗೆ ಸಂಕೋಚ, ಕೊಳ್ಳುವವರಿಗೆ ಚೌಕಾಶಿ. ನಷ್ಟ ಒಬ್ಬರದಷ್ಟೇ ಅಲ್ಲ. ಒಬ್ಬರು ಕೂಲಿ ಬಿಟ್ಟು ಮಾರಿದರೆ ಅದೇ ಬೀದಿಯಲ್ಲಿ ಕೂಲಿ ಸೇರಿಸಿ ಬೆಲೆ ಇಟ್ಟವರ ಮಾಲು ಕೂತುಬಿಡುತ್ತದೆ.

‘ಗೃಹಿಣಿ’ ಎಂಬ ರಿಯಾಯಿತಿ

ಈ ಕತೆ ಹೊಸದೂ ಅಲ್ಲ, ನಮ್ಮದೊಂದೇ ಊರಿನದೂ ಅಲ್ಲ. ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರದಲ್ಲಿ ಹೆಂಗಸರು ಮನೆಗಳಲ್ಲಿ ಕ್ರೋಶಾ ಲೇಸು ಹೆಣೆಯುತ್ತಿದ್ದರು, ಅದು ವಿದೇಶಕ್ಕೆ ರಫ್ತಾಗುತ್ತಿತ್ತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರನ್ನು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಬರೆದರು. ಅವರು ಕಂಡ ಮುಖ್ಯ ಸಂಗತಿ ಇದು: ಲೇಸು ಹೆಣೆಯುವವರನ್ನು ಎಲ್ಲರೂ ‘ಗೃಹಿಣಿಯರು’ ಎಂದೇ ಕರೆಯುತ್ತಿದ್ದರು, ಅವರ ದುಡಿಮೆಯನ್ನು ‘ಬಿಡುವಿನ ಕೆಲಸ’ ಎನ್ನುತ್ತಿದ್ದರು. ಕೆಲಸಗಾರರೆಂದು ಕರೆಯದಿದ್ದ ಮೇಲೆ ಕೂಲಿ ಕೇಳುವ ಮಾತೆಲ್ಲಿ? ಹಣ ವ್ಯಾಪಾರಿಗಳ ಕಡೆ ಸೇರಿತು.

ಮೈಸೂರು ಸೀಮೆಯ ಮನೆಗಳಲ್ಲಿ ಬೀಡಿ ಸುತ್ತುವವರು, ಊದುಬತ್ತಿ ಹೊಸೆಯುವವರು, ಸೀರೆಗೆ ಕುಚ್ಚು ಕಟ್ಟುವವರು ನಮಗೆ ಗೊತ್ತು. ಬೀಡಿ ಕಾರ್ಮಿಕರಿಗೆ 1966ರಲ್ಲೇ ಪ್ರತ್ಯೇಕ ಕಾಯ್ದೆ ಬಂತು, ಮನೆಯಲ್ಲಿ ಸುತ್ತುವವರೂ ಅದರೊಳಗೆ ಬಂದರು. ಕುಚ್ಚು ಕಟ್ಟುವವರಿಗೆ, ತೋರಣ ಹೆಣೆಯುವವರಿಗೆ ಅಂಥದ್ದು ಇರಲಿಲ್ಲ. ಮನೆಗೆಲಸದ ಉತ್ಪಾದನೆಯ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ಮಾಡಿದ 177ನೇ ಒಡಂಬಡಿಕೆಗೆ ಭಾರತ ಸಹಿ ಹಾಕಿ ಅನುಮೋದಿಸಿಲ್ಲ. 2025ರ ನವೆಂಬರ್ 21ರಂದು ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ‘ಮನೆ ಆಧಾರಿತ ಕಾರ್ಮಿಕ’ ಎಂಬ ವ್ಯಾಖ್ಯಾನವಿದೆ. ಉದ್ಯೋಗದಾತರೊಬ್ಬರಿಗಾಗಿ ತನ್ನ ಮನೆಯಲ್ಲಿ ಪ್ರತಿಫಲಕ್ಕೆ ವಸ್ತು ತಯಾರಿಸುವವರು ಅದರೊಳಗೆ ಬರುತ್ತಾರೆ, ಹಗ್ಗ–ಮಣಿಯನ್ನು ಯಾರೇ ಕೊಟ್ಟಿರಲಿ. ಕಾನೂನಿನಲ್ಲಿ ಹೆಸರು ಬಂದಿರುವುದು ಒಂದು ಹೆಜ್ಜೆ. ಆದರೆ ಇದು ಉದ್ಯೋಗದಾತ ಇರುವ ಕಡೆಗೆ ಮಾತ್ರ. ತಾನೇ ಮಾಡಿ ತಾನೇ ಮಾರುವವರಿಗೆ ಬೆಲೆ ನಿಗದಿ ಮಾಡಿಕೊಡುವ ಕಾನೂನಿಲ್ಲ, ಆ ಲೆಕ್ಕ ಅವರೇ ಕಲಿಯಬೇಕು.

ಇದೇ ಜಾಗದಲ್ಲಿ ವಂಚಕರೂ ಕಾಯುತ್ತಿರುತ್ತಾರೆ. ‘ಮನೆಯಲ್ಲೇ ಕೂತು ತಿಂಗಳಿಗೆ ಸಾವಿರಾರು ಗಳಿಸಿ, ಸಾಮಾನು ನಾವೇ ಕೊಡುತ್ತೇವೆ’ ಎಂಬ ಸಂದೇಶಗಳ ಹಿಂದೆ ಸಾಮಾನ್ಯವಾಗಿ ಒಂದೇ ಮಾದರಿ ಇದೆ: ಮೊದಲು ನೋಂದಣಿ ಶುಲ್ಕವೋ ಠೇವಣಿಯೋ ಕಟ್ಟಿಸಿಕೊಳ್ಳುವುದು, ಆಮೇಲೆ ಮಾಡಿದ ಮಾಲು ‘ಗುಣಮಟ್ಟ ಸರಿಯಿಲ್ಲ’ ಎಂದು ತಳ್ಳಿಹಾಕುವುದು. ಕೆಲಸ ಕೊಡುವವರು ಕೂಲಿ ಕೊಡಬೇಕೇ ಹೊರತು ಕೆಲಸಗಾರರಿಂದ ಹಣ ಕೇಳಬಾರದು. ಇಷ್ಟು ನೆನಪಿದ್ದರೆ ಅರ್ಧ ಮೋಸ ತಪ್ಪುತ್ತದೆ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಯೋಜನೆಗಳ ಅಳತೆಗೆ ನಾವು ಹೊಂದುತ್ತೇವೆಯೇ?

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಸಾಲ. ಹೂಮಾಲೆ ಕಟ್ಟುವವರು, ಬುಟ್ಟಿ–ಚಾಪೆ–ತೆಂಗಿನ ನಾರಿನ ಕೆಲಸದವರು ಪಟ್ಟಿಯಲ್ಲಿದ್ದಾರೆ. ವಿಡಿಯೊ ನೋಡಿ ಕಲಿತ ಬಿ.ಎ. ಪದವೀಧರೆಯ ದಾರದ ತೋರಣ ಆ ಪಟ್ಟಿಯಲ್ಲಿಲ್ಲ. ಪರಂಪರೆಯಿಂದ ಬಂದ ಕುಶಲಕರ್ಮಿಗೆ ಒಂದು ದಾರಿಯಾಯಿತು, ತಾನಾಗಿ ಕಲಿತವರಿಗೆ ಬೇರೆ ದಾರಿ ಹುಡುಕಬೇಕಾಗಿದೆ.

ರಾಜ್ಯದ ಯುವನಿಧಿ ಇನ್ನೊಂದು ಬಗೆಯದು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಈ ಯೋಜನೆಯಡಿ, ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಗರಿಷ್ಠ ಎರಡು ವರ್ಷ ಸಿಗುತ್ತದೆ. ಸರ್ಕಾರಿ ಯೋಜನೆ ಅಥವಾ ಬ್ಯಾಂಕ್ ಸಾಲದ ನೆರವಿನಿಂದ ಸ್ವಯಂ ಉದ್ಯೋಗ ಮಾಡುತ್ತಿರುವವರಿಗೆ ಇದು ಸಿಗುವುದಿಲ್ಲ. ನಿಯಮದ ತರ್ಕ ಸರಿಯೇ. ಆದರೆ ಫಲ ನೋಡಿ: ಸಾಲ ತೆಗೆದು ಸಣ್ಣದೊಂದು ಕೆಲಸ ಶುರುಮಾಡಿದ ದಿನವೇ ಭತ್ಯೆ ಹೋಗುತ್ತದೆ, ಆದಾಯ ಬರಲು ಮಾತ್ರ ತಿಂಗಳುಗಳು ಬೇಕು. ಕಟ್ಟಿ–ಬಿಚ್ಚಿ ಕಲಿಯುವ ಆ ನಡುವಿನ ಆರು ತಿಂಗಳಿಗೆ ಯಾವ ಯೋಜನೆಯೂ ಇಲ್ಲ. ಸ್ವಂತ ಕೆಲಸ ಆರಂಭಿಸಿದವರಿಗೆ ಉಳಿದ ಅವಧಿಯ ಭತ್ಯೆಯನ್ನು ಆರು ತಿಂಗಳಾದರೂ ಮುಂದುವರಿಸಿದರೆ, ಕಾಯುವ ಹಣ ಕಲಿಯುವ ಹಣವಾಗುತ್ತದೆ.

ತೆರಿಗೆಯ ಹೆದರಿಕೆಯನ್ನೂ ಇಲ್ಲೇ ಬಗೆಹರಿಸಿಕೊಳ್ಳೋಣ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ‘ಫೋನ್‌ಪೇ ಬೇಡ, ನಗದು ಕೊಡಿ’ ಎಂಬ ಚೀಟಿಗಳು ಎಷ್ಟೋ ಅಂಗಡಿಗಳಲ್ಲಿ ಕಂಡವು. ಸರಕು ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. 659 ರೂಪಾಯಿಯ ತೋರಣ 6,000ಕ್ಕಿಂತ ಹೆಚ್ಚು ಮಾರಿದರೆ ಆ ಗೆರೆ ಮುಟ್ಟಬಹುದು. ಒಂದಕ್ಕೆ ಆರು ಗಂಟೆಯಾದರೆ 36,000 ಗಂಟೆ ಬೇಕು, ವರ್ಷಕ್ಕೆ ಇರುವುದೇ 8,760 ಗಂಟೆ! ಇನ್ನು 2023ರ ಅಕ್ಟೋಬರ್ 1ರಿಂದ, ಮಿತಿಯೊಳಗಿರುವ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿ ಇಲ್ಲದೆಯೇ ತಮ್ಮ ರಾಜ್ಯದೊಳಗೆ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರಬಹುದು. ಪ್ಯಾನ್ ಆಧಾರದಲ್ಲಿ ಜಿಎಸ್‌ಟಿ ಪೋರ್ಟಲ್‌ನಿಂದ ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಉದ್ಯಮ್ ನೋಂದಣಿಗೂ ಶುಲ್ಕವಿಲ್ಲ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ ಮೈಸೂರಿನಲ್ಲೂ ಇದೆ. ಅಲ್ಲಿ ಸ್ವಯಂ ಉದ್ಯೋಗದ ತರಬೇತಿ, ಊಟ, ವಸತಿ ಉಚಿತ. ಗಂಟು ಹಾಕುವುದನ್ನು ಮೊಬೈಲ್ ಕಲಿಸುತ್ತದೆ, ಲೆಕ್ಕ ಬರೆಯುವುದನ್ನು ಇಂಥ ಕಡೆ ಕಲಿಯಬಹುದು.

ನೆಲುವು, ನಾರು, ತೆನೆ

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಮ್ಯಾಕ್ರಮೆ ಫ್ಯಾಷನ್ನಿನ ಮಾಲು. ಅಮೆರಿಕದಲ್ಲಿ 1970ರ ದಶಕದಲ್ಲಿ ಮನೆಮನೆಯಲ್ಲಿ ತೂಗಾಡಿ, 80ರ ದಶಕದಲ್ಲಿ ಮೂಲೆ ಸೇರಿತ್ತು. ಎಲ್ಲರೂ ಅದೇ ವಿಡಿಯೊ ನೋಡಿ ಅದೇ ಬಿಳಿ ತೋರಣ ಮಾಡಿದರೆ ಕೊಳ್ಳುವವರು ಎಲ್ಲಿಂದ ಬರಬೇಕು? ಈ ಆಕ್ಷೇಪ ಸರಿಯಾಗಿದೆ. ಇದಕ್ಕೆ ಉತ್ತರ ನಮ್ಮ ಸುತ್ತಲೇ ಇದೆ.

ಗಂಟಿನ ತೂಗು ನಮಗೆ ಪರದೇಶದ್ದೇನಲ್ಲ. ಬೆಕ್ಕಿನ ಬಾಯಿಗೆ ಸಿಗದಂತೆ ಹಾಲು–ಬೆಣ್ಣೆ ಗಡಿಗೆ ತೂಗುಹಾಕುತ್ತಿದ್ದ ನೆಲುವು ಇದೇ ಜಾತಿಯದು. ಇಂದು ನಗರದ ಮನೆಗಳಲ್ಲಿ ಹೂಕುಂಡ ತೂಗುವ ಹಗ್ಗವೂ ಅದೇ. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಬೆಳೆ ಮಾತ್ರ ಸೊರಗು ರೋಗಕ್ಕೆ ಸಿಕ್ಕಿ ಕಡಿಮೆಯಾಗಿದೆ. ಯಾವ ತಳಿಯ ಬಾಳೆಯಾದರೂ ಗೊನೆ ಕಡಿದ ಮೇಲೆ ಕಾಂಡ ತೋಟದಲ್ಲೇ ಕೊಳೆಯುತ್ತದೆ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎನ್ನುತ್ತೇವೆ, ಆ ನಾರಿಗೆ ತನ್ನದೇ ಬೆಲೆಯೂ ಇದೆ. ಕೊಪ್ಪಳ ಜಿಲ್ಲೆಯ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಆಸರೆಯಲ್ಲಿ ಹಳ್ಳಿಯ ಹೆಂಗಸರು ಬಾಳೆನಾರಿನಿಂದ ಚೀಲ, ಬುಟ್ಟಿ, ಅಲಂಕಾರದ ಸಾಮಾನು ಮಾಡಿ ದುಡಿಯುತ್ತಿದ್ದಾರೆ.

ಕಪಿಲಾ ನದಿಗೆ ಹುಲ್ಲಹಳ್ಳಿಯಲ್ಲಿ ಕಟ್ಟಿದ ಅಣೆಕಟ್ಟೆಯ ನಾಲೆಯ ಕೆಳಗೆ ಭತ್ತದ ಗದ್ದೆಗಳಿವೆ. ಸಾಗರ ಸೀಮೆಯ ದೀವರ ಹೆಂಗಸರು ಭತ್ತದ ತೆನೆಗಳನ್ನು ಹೆಣೆದು ಬಾಗಿಲಿಗೆ ಕಟ್ಟುವ ತೋರಣ, ಅವರ ಚಿತ್ತಾರದಂತೆಯೇ ಹೆಸರಾದದ್ದು. ನಮ್ಮಲ್ಲೂ ಅದಕ್ಕೆ ಬೇಕಾದ ತೆನೆಯಿದೆ. ಆದರೆ ಕಟಾವು ಯಂತ್ರ ಗದ್ದೆಗಿಳಿಯುವ ಮೊದಲೇ ಉದ್ದ ಕಡ್ಡಿ ಬಿಟ್ಟು ಕೈಯಲ್ಲಿ ಕೊಯ್ದುಕೊಳ್ಳಬೇಕು, ಹಸಿ ಬಟ್ಟೆ ಸುತ್ತಿ ಮೆದು ಮಾಡಿಕೊಂಡು ಹೆಣೆಯಬೇಕು. ಒಣಗಿದ ಕಡ್ಡಿ ಮಡಚಿದಲ್ಲೇ ಮುರಿಯುತ್ತದೆ. ಯಾವ ತಳಿಯ ತೆನೆ ಕಾಳು ಉದುರಿಸದೆ ನಿಲ್ಲುತ್ತದೆ ಎಂಬುದನ್ನು ಇಲ್ಲಿನ ಗದ್ದೆಯಲ್ಲೇ ಮಾಡಿ ನೋಡಿ ತಿಳಿಯಬೇಕು. ಆ ಪಾಠ ಯಾವ ವಿಡಿಯೊದಲ್ಲೂ ಇಲ್ಲ, ಹಾಗಾಗಿಯೇ ಅದಕ್ಕೆ ಬೆಲೆ ಬರುತ್ತದೆ. 351 ರೂಪಾಯಿಯ ಹಗ್ಗದ ಖರ್ಚು ಇಳಿದಷ್ಟೂ ಅದು ಕೂಲಿಯ ಕಡೆಗೆ ಉಳಿಯುತ್ತದೆ.

ಇದರಿಂದ ನಿರುದ್ಯೋಗ ನೀಗುತ್ತದೆ ಎಂದು ಹೇಳುವುದು ಸುಳ್ಳಾಗುತ್ತದೆ. ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ, ಸರ್ಕಾರಿ ನೇಮಕಾತಿಯಲ್ಲಿ ಕೆಲಸ ಕೇಳುವ ನಮ್ಮ ಹಕ್ಕನ್ನು ಯಾವ ತೋರಣವೂ ಮರೆಸಬಾರದು. ಆದರೆ ಕಾಯುವ ವರ್ಷಗಳಲ್ಲಿ ಕೈ ಮಾಡುವ ಕೆಲಸವನ್ನು ಕೆಲಸವೆಂದು ಕರೆಯುವ ಅಭ್ಯಾಸ ನಮ್ಮಿಂದಲೇ ಶುರುವಾಗಬೇಕು. ಮುಂದಿನ ಸಲ ತೋರಣ ಮಾರುವಾಗ ಚೀಟಿಯ ಮೇಲೆ ಮೂರು ಸಾಲು ಬರೆಯೋಣ: ಸಾಮಾನಿಗೆ ಇಷ್ಟು, ಗಂಟೆ ಇಷ್ಟು, ಕೂಲಿ ಇಷ್ಟು. ಚೌಕಾಶಿ ಮಾಡುವವರು ಮಾಡಲಿ, ಅವರು ಯಾವ ಸಾಲಿನಿಂದ ಹಣ ಕಡಿಯುತ್ತಿದ್ದಾರೆ ಎಂಬುದು ಇಬ್ಬರಿಗೂ ಕಾಣುತ್ತಿರಲಿ.