‘ಪರಿಣಾಮಕಾರಿಯಾಗಿ ಪಾಠ ಮಾಡಿ’ ಅನ್ನೋ ಮೊದಲು

ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡ್ಕೊಂಡು ಓದಿ.

ಮೊನ್ನೆ ನಮ್ಮ ಚೌಳಹಿರಿಯೂರು ಕಡೆಯ ತಂಗಿಯೊಬ್ಬಳು ಫೋನ್ ಮಾಡಿದ್ಲು. ಕೇರಿಯ ಹುಡುಗಿ, ಬಿ.ಎಡ್ ಮಾಡಿದ್ದಾಳೆ, ಟಿಇಟಿ ಪಾಸಾಗಿದ್ದಾಳೆ. ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ ಆಗಿ ಇದು ಐದನೇ ವರ್ಷ. "ಅಣ್ಣಾ, ಇವತ್ತು ಮೀಟಿಂಗ್ ಇತ್ತು. ಅತಿಥಿ ಶಿಕ್ಷಕರು ಇನ್ನೂ ಪರಿಣಾಮಕಾರಿಯಾಗಿ ಕೆಲಸ ಮಾಡ್ಬೇಕು ಅಂತ ಒಂದು ಗಂಟೆ ಹೇಳಿದ್ರು. ಮೂರು ತಿಂಗಳಿಂದ ದುಡ್ಡು ಬಂದಿಲ್ಲ ಸಾರ್ ಅಂದೆ. ಅದು ಇವತ್ತಿನ ವಿಷಯ ಅಲ್ಲಮ್ಮ ಅಂದ್ರು."

ಅದು ಯಾವತ್ತಿನ ವಿಷಯ ಸ್ವಾಮಿ?

ನಾನೂ ಎರಡು ವರ್ಷ ಈ ಕೆಲಸ ಮಾಡಿದವನು. ಶಾಲೆಯ ಹೆಸರು ಬರೆಯಲ್ಲ, ಅಲ್ಲಿ ಈಗಿರೋರಿಗೆ ಸುಮ್ಮನೆ ತೊಂದರೆ. ಮೊದಲ ದಿನ ಹೋದಾಗ ಒಂದು ಬೀಗದ ಕೈ ಕೊಟ್ಟು "ನಲಿಕಲಿ ರೂಮು ನೋಡ್ಕೊಳಪ್ಪ" ಅಂದ್ರು. ಅಷ್ಟೇ ನನಗೆ ಸಿಕ್ಕ ತರಬೇತಿ. ನಲಿಕಲಿ ಗೊತ್ತಿರೋರಿಗೆ ಗೊತ್ತು. 1990ರ ದಶಕದಲ್ಲಿ ಎಚ್.ಡಿ. ಕೋಟೆಯ ಶಾಲಾ ಮೇಷ್ಟ್ರುಗಳೇ ಕೂತು ಕಟ್ಟಿದ ಒಳ್ಳೆಯ ಪದ್ಧತಿ ಅದು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆ. ಒಂದೊಂದು ಮಗುವೂ ಕಲಿಕಾ ಏಣಿಯ ಬೇರೆ ಬೇರೆ ಮೆಟ್ಟಿಲಲ್ಲಿ ನಿಂತಿರುತ್ತೆ. ಯಾವ ಮಗು ಯಾವ ಕಾರ್ಡಿನಲ್ಲಿದೆ, ಯಾರನ್ನ ಯಾವ ತಟ್ಟೆಯಲ್ಲಿ ಕೂರಿಸ್ಬೇಕು ಅಂತ ತಿಳಿಯದೆ ಅಲ್ಲಿ ಪಾಠ ನಡೆಯಲ್ಲ. ನನಗಿಂತ ಮೊದಲಿದ್ದವರು ಏನು ಮಾಡಿ ಹೋಗಿದ್ರು ಅಂತ ಒಂದು ಚೀಟಿ ಕೂಡ ಇರ್ಲಿಲ್ಲ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು "ಸಾ, ಇವ್ನು ಇಲ್ಲಿ, ಅವ್ಳು ಅಲ್ಲಿ" ಅಂತ ಕೈಹಿಡಿದು ತೋರಿಸಿದ್ಲು. ಆ ಮಗುವೇ ನನ್ನ ಟ್ರೈನಿಂಗ್ ಸೆಂಟರ್.

ಪರಿಣಾಮಕಾರಿ ಅಂದ್ರೆ ಏನು ಅಂತ ನನಗೂ ಗೊತ್ತು ಸ್ವಾಮಿ. ಮೊದಲ ವಾರ ಪಾಠ ಓಡಿಸೋಕೆ ಹೋಗ್ಬಾರದು. ಎಲ್ಲ ಮಕ್ಕಳ ಹೆಸರು ಕಲೀಬೇಕು, ಹಿಂದಿನ ಬೆಂಚಿನ ಮಗುವಿನ ಹೆಸರು ಮೊದಲು. ಹಳೇ ನೋಟ್‌ಬುಕ್ ತೆಗೆಸಿ ಎಲ್ಲಿಗೆ ನಿಂತಿದೆ ಅಂತ ನೋಡ್ಬೇಕು. ದಿನಾ ಸಂಜೆ ಏನು ಆಯ್ತು, ಏನು ಉಳೀತು ಅಂತ ನಾಲ್ಕು ಸಾಲು ಬರೆದಿಡಬೇಕು, ನಾಳೆ ನಾನಿಲ್ಲದಿದ್ರೆ ಬರೋರಿಗೆ. ಅಡಿಕೆ ಸುಲಿಯೋ ಸೀಸನ್ನಲ್ಲಿ ಯಾವ ಮಗು ಅವ್ವನ ಜೊತೆ ಹೋಗ್ತಿದೆ ಅಂತ ತಿಳ್ಕೊಂಡು ಸಂಜೆ ಮನೆ ಬಾಗಿಲಿಗೆ ಹೋಗ್ಬೇಕು. ಇದನ್ನೆಲ್ಲ ನಮ್ಮ ತಂಗಿ ಮಾಡ್ತಿದ್ದಾಳೆ. ಅವಳಿಗೆ ಭಾಷಣ ಬೇಕಾಗಿಲ್ಲ. ಜೂನ್ ಒಂದನೇ ತಾರೀಖಿಗೆ ಆದೇಶ ಬೇಕು, ತಿಂಗಳ ಕೊನೆಗೆ ದುಡ್ಡು ಬೇಕು, ಮುಂದಿನ ವರ್ಷವೂ ಇದೇ ಮಕ್ಕಳ ಜೊತೆ ಇರ್ತೀನಿ ಅನ್ನೋ ಭರವಸೆ ಬೇಕು.

ಲೆಕ್ಕ ನೋಡಿ. 2025-26ರ ಬಜೆಟ್ಟಿನಲ್ಲಿ 2,000 ಹೆಚ್ಚು ಮಾಡಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,000, ಪ್ರೌಢಶಾಲೆಗೆ 12,500. ಬೇಸಿಗೆ ರಜೆಗೆ ಒಂದು ರೂಪಾಯಿ ಇಲ್ಲ. ಅದೇ ಗೋಡೆಯ ಆಚೆ ಪಾಠ ಮಾಡೋ ಕಾಯಂ ಶಿಕ್ಷಕರ ಮೂಲವೇತನವೇ ಇದರ ಮೂರು ಪಟ್ಟಿಗಿಂತ ಜಾಸ್ತಿ. ಅವರಿಗೆ ಬರೋದು ತಪ್ಪು ಅಂತಿಲ್ಲ, ಬರಲಿ. ಇವರಿಗೆ ಕೊಡೋದಕ್ಕೆ ‘ಗೌರವಧನ’ ಅಂತ ಹೆಸರಿಟ್ಟವನು ಯಾರೋ, ಅವನಿಗೆ ಎರಡು ಪದದ ಅರ್ಥವೂ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ನಮ್ಮ ತಂಗಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗ್ತಾಳೆ. ಕೆರೆ ಹೂಳು ಹೊರೋವಾಗ ಎದುರಿಗೆ ಅವಳದೇ ಕ್ಲಾಸಿನ ಮಕ್ಕಳು ನಿಂತು "ಮಿಸ್ಸು" ಅಂತ ಕೂಗಿದ್ರಂತೆ. ನಕ್ಕೊಂಡೇ ಹೇಳಿದ್ಲು, ನನಗೆ ನಗು ಬರ್ಲಿಲ್ಲ.

ಇನ್ನು ಶಾಲೆ ಒಳಗಿನ ಮಾತು. ಕಾಯಂ ಟೀಚರು ‘ಮೇಡಂ’, ಇವಳು ‘ಬಾರಮ್ಮ’. ಅವಳ ಆಯ್ಕೆ ಆದಾಗ ಎಸ್‌ಡಿಎಂಸಿ ಸದಸ್ಯನೊಬ್ಬ "ಬೇರೆ ಯಾರೂ ಸಿಗ್ಲಿಲ್ವಾ" ಅಂತ ಕೇಳಿದ್ದ. ಯಾಕೆ ಕೇಳಿದ ಅಂತ ಬಿಡಿಸಿ ಹೇಳ್ಬೇಕಾ? ಮುಂದಿನ ಜೂನಿನಲ್ಲಿ ಅವಳನ್ನ ಮತ್ತೆ ತಗೋಬೇಕೋ ಬೇಡವೋ ಅನ್ನೋದರಲ್ಲಿ ಆ ಬಾಯಿಗೂ ಒಂದು ಮಾತಿದೆ. ಹೀಗಿರೋವಾಗ ಬಿಸಿಯೂಟದ ಸಾಲಿನಲ್ಲಿ ನಮ್ಮ ಮಕ್ಕಳನ್ನ ಕೊನೆಗೆ ನಿಲ್ಲಿಸಿದ್ರೆ ಅವಳು ಗಟ್ಟಿಯಾಗಿ ಮಾತಾಡ್ತಾಳೆ ಅಂತ ಹೇಗೆ ನಿರೀಕ್ಷೆ ಮಾಡ್ತೀರಿ? ಹೆದರಿಕೆಯಲ್ಲಿ ಇಟ್ಟ ಮೇಷ್ಟ್ರು ಮಕ್ಕಳಿಗೆ ಧೈರ್ಯ ಕಲಿಸೋದು ಎಲ್ಲಿಂದ?

2025-26ನೇ ಸಾಲಿಗೆ ರಾಜ್ಯದಲ್ಲಿ ಸುಮಾರು 51,000 ಅತಿಥಿ ಶಿಕ್ಷಕರಿಗೆ ಸರ್ಕಾರವೇ ಅನುಮತಿ ಕೊಟ್ಟಿತ್ತು. ಹೆರಿಗೆ ರಜೆಗೋ, ಕಾಯಿಲೆಗೋ ಒಬ್ಬರು ಹೋದಾಗ ಬರೋರು ಬದಲಿ ಶಿಕ್ಷಕರು. ಖಾಲಿ ಹುದ್ದೆಯಲ್ಲಿ ವರ್ಷಗಟ್ಟಲೆ ನಿಂತವರು ಬದಲಿ ಅಲ್ಲ, ಅವರೇ ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 26ನೇ ಕಲಂ ತೆಗೆದು ನೋಡಿ: ಯಾವುದೇ ಶಾಲೆಯಲ್ಲಿ ಮಂಜೂರಾದ ಹುದ್ದೆಯ ಶೇ. 10ಕ್ಕಿಂತ ಹೆಚ್ಚು ಖಾಲಿ ಇರಬಾರದು. ಇಬ್ಬರು ಮೇಷ್ಟ್ರ ಶಾಲೆಯಲ್ಲಿ ಒಂದು ಹುದ್ದೆ ಖಾಲಿ ಅಂದ್ರೆ ಶೇ. 50. ಕಾಯ್ದೆ ಮುರಿದವರು ಯಾರು, ಭಾಷಣ ಕೇಳ್ತಿರೋರು ಯಾರು?

ಇಷ್ಟು ಕೇಳಿದ್ರೆ ಒಂದು ಉತ್ತರ ರೆಡಿ ಇರುತ್ತೆ: "ಒಳಮೀಸಲಾತಿ ಗಲಾಟೆಯಿಂದ ನೇಮಕಾತಿ ನಿಂತುಹೋಯ್ತು, ನಿಮ್ಮವರಿಂದಲೇ." ಇದನ್ನ ಹೇಳೋರಿಗೆ ನೇರ ಹೇಳ್ತೀನಿ. ಸುಪ್ರೀಂ ಕೋರ್ಟ್ ಒಳವರ್ಗೀಕರಣ ಮಾಡಬಹುದು ಅಂದಿದ್ದು 2024ರ ಆಗಸ್ಟ್ 1ಕ್ಕೆ. ಹೊಸ ಅಧಿಸೂಚನೆ ತಡೆದಿದ್ದು ಆ ಅಕ್ಟೋಬರ್ ಕೊನೆಗೆ. ಸಂಪುಟ ತೀರ್ಮಾನ ಆಗಿದ್ದು 2025ರ ಆಗಸ್ಟ್‌ನಲ್ಲಿ. ನಾನು ಬೀಗದ ಕೈ ಇಸ್ಕೊಂಡು ನಲಿಕಲಿ ರೂಮಿಗೆ ಹೋಗಿದ್ದು ಇದಕ್ಕೂ ಎಷ್ಟೋ ವರ್ಷ ಮುಂಚೆ. ಮೂವತ್ತು ವರ್ಷ ಹೋರಾಡಿ ಪಡೆದ ನ್ಯಾಯವನ್ನ ನಿಮ್ಮ ಸೋಮಾರಿತನದ ಹೊದಿಕೆ ಮಾಡ್ಕೋಬೇಡಿ.

ಮತ್ತೆ ಮೀಸಲಾತಿ ವಿಷಯವೇ ಬಂತಲ್ಲ, ಅದನ್ನೂ ಮಾತಾಡೋಣ. ಕಾಯಂ ಹುದ್ದೆಗೆ ರೋಸ್ಟರ್ ಇದೆ. ಶಾಲೆ ಮಟ್ಟದಲ್ಲಿ ಒಬ್ಬೊಬ್ಬರನ್ನೇ ತಗೊಳೋವಾಗ ರೋಸ್ಟರ್ ಬಿಂದು ಅಂತ ಕೇಳಿದ್ದನ್ನ ನಾನು ನಮ್ಮ ಕಡೆ ಒಂದೇ ಒಂದು ಶಾಲೆಯಲ್ಲೂ ಕಂಡಿಲ್ಲ. ಕೇಂದ್ರ ಸರ್ಕಾರ 45 ದಿನ ಅಥವಾ ಅದಕ್ಕೂ ಹೆಚ್ಚಿನ ತಾತ್ಕಾಲಿಕ ನೇಮಕಕ್ಕೂ ಮೀಸಲಾತಿ ಇರಬೇಕು ಅಂತ ತನ್ನ ಇಲಾಖೆಗಳಿಗೆ 2022ರಲ್ಲೂ ಮತ್ತೆ ಜ್ಞಾಪಿಸಿದೆ. ಇಲ್ಲಿ ಹತ್ತು ತಿಂಗಳ ನೇಮಕ. ಹುದ್ದೆಯನ್ನ ಖಾಲಿ ಇಟ್ಟು ಅತಿಥಿಗಳಿಂದ ತುಂಬೋದು ಅಂದ್ರೆ ಮೀಸಲಾತಿಯನ್ನ ಹಿಂಬಾಗಿಲಿಂದ ಹೊರಗೆ ಕಳಿಸೋದು.

ಕಾನೂನಿನ ಮಾತಿಗೆ ಬಂದ್ರೆ, ಎಲ್ಲರೂ ‘ಉಮಾದೇವಿ ತೀರ್ಪು’ ಅಂತ ಬಾಯಿ ಮುಚ್ಚಿಸ್ತಾರೆ. 2006ರದ್ದು, ಕರ್ನಾಟಕದ್ದೇ ಕೇಸು, ತಾತ್ಕಾಲಿಕ ನೌಕರರನ್ನ ಹಾಗೇ ಕಾಯಂ ಮಾಡೋಕಾಗಲ್ಲ ಅಂತ. ಆಮೇಲೆ 2016ರ ಜಗಜಿತ್ ಸಿಂಗ್ ತೀರ್ಪು ಬಂತು: ಸಮಾನ ಕೆಲಸ ಮಾಡೋ ತಾತ್ಕಾಲಿಕ ನೌಕರರಿಗೆ ಕಾಯಂ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಮೊತ್ತವಾದರೂ ಸಿಗಬೇಕು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಕೇಸು: ವರ್ಷಗಟ್ಟಲೆ ದುಡಿದವರನ್ನ ಹೊರಹಾಕೋಕೆ ಉಮಾದೇವಿಯನ್ನ ಗುರಾಣಿ ಮಾಡ್ಕೋಬಾರದು ಅಂತ. ಆ ಕೇಸು ಗೆದ್ದವರಲ್ಲಿ ಕಚೇರಿ ಕಸ ಗುಡಿಸ್ತಿದ್ದ ಹೆಣ್ಣುಮಕ್ಕಳಿದ್ರು. ಬಿ.ಎಡ್ ಮಾಡಿದ ನಾವು ಇನ್ನೂ ಮನವಿ ಪತ್ರ ಕೊಡ್ತಾ ಫೋಟೋ ತೆಗೆಸ್ಕೊಳ್ತಿದೀವಿ.

ಹೌದು, ನಮ್ಮ ಚಳವಳಿಗೂ ಇದು ಅನ್ವಯ. ದಸಂಸ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ನಮ್ಮ ಪಕ್ಕದ ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳ್ತಿದ್ದ ಮೇಷ್ಟ್ರು. ನಾವು ಅವರ ಫೋಟೋಕ್ಕೆ ಹಾರ ಹಾಕ್ತೀವಿ, ಕೇರಿ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಅಂತ ಕೇಳಲ್ಲ. ಅನುಕೂಲ ಇದ್ದ ನಮ್ಮ ನಾಯಕರ ಮಕ್ಕಳೂ ಕಾನ್ವೆಂಟ್ ಬಸ್ ಹತ್ತಿ ಅಜ್ಜಂಪುರಕ್ಕೋ ಕಡೂರಿಗೋ ಹೋಗ್ತವೆ. ಜಾತಿ ಸಮೀಕ್ಷೆ ಬೇಕು ಅಂದವರು ನಾವೇ, ಆದ್ರೆ ಲೆಕ್ಕ ಬರೆಯೋಕೆ ಮೇಷ್ಟ್ರುಗಳನ್ನೇ ಕಳಿಸಿದಾಗ ಯಾಕೆ ಅಂತ ಕೇಳಲಿಲ್ಲ. ಇನ್ನೊಂದು ಮಾತು, ಬೇಜಾರಾದ್ರೂ ಸರಿ: ಅತಿಥಿ ಶಿಕ್ಷಕರಾಗಿರೋ ನಮ್ಮ ಹುಡುಗರಲ್ಲೂ ಕೆಲವರು ಕ್ಲಾಸಿನಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕ ಓದ್ಕೊಳ್ತಾರೆ. ಅವರ ಕಷ್ಟ ಗೊತ್ತು. ಆದ್ರೆ ಎದುರಿಗೆ ಕೂತಿರೋದು ನಮ್ಮದೇ ಮಕ್ಕಳು ಕಣ್ರೋ.

ಈಗ ಕೆಲಸದ ಮಾತು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ರೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಅದಕ್ಕೇ ಚಿಕ್ಕದಾಗಿ ಬರೀರಿ. ಹೋಬಳಿಯ ಒಂದೊಂದು ಶಾಲೆಗೂ ಕೇಳಿ: ಮಂಜೂರಾದ ಹುದ್ದೆ ಎಷ್ಟು, ಯಾವ ದಿನದಿಂದ ಖಾಲಿ, ಅತಿಥಿ ಶಿಕ್ಷಕರ ಆಯ್ಕೆಗೆ ಬಂದ ಅರ್ಜಿಗಳ ಅಂಕಪಟ್ಟಿ ಏನು, ಯಾವ ತಿಂಗಳ ಗೌರವಧನ ಯಾವ ತಾರೀಖಿಗೆ ಪಾವತಿ ಆಯ್ತು. ಅರ್ಜಿ ಅತಿಥಿ ಶಿಕ್ಷಕರ ಹೆಸರಲ್ಲಿ ಬೇಡ, ಅವರ ಕೆಲಸಕ್ಕೆ ಕುತ್ತು. ನಮ್ಮ ನಿಮ್ಮ ಹೆಸರಲ್ಲಿ ಹಾಕೋಣ. ಮಾದರಿ ನನ್ನ ಹತ್ರ ಇದೆ, ಇನ್‌ಬಾಕ್ಸಿಗೆ ಬನ್ನಿ. ನಾನು ಮೊದಲನೆಯದನ್ನ ಸೋಮವಾರ ಹಾಕ್ತಿದೀನಿ.