ವಿಡಿಆರ್‌ಎಲ್ ರಿಪೋರ್ಟ್ ಕೈಗೆ ಬಂತು, ಟೆಸ್ಟ್ ಸರಿಯಾಗಿ ಆಗಿದೆಯಾ?

ಮಧುಗಿರಿ: ತಾಯಿ ಕಾರ್ಡ್ ಮಾಡಿಸಿದ ಪ್ರತಿ ಗರ್ಭಿಣಿಗೂ ಆಗಬೇಕಾದ ರಕ್ತ ಪರೀಕ್ಷೆಗಳಲ್ಲಿ ಸಿಫಿಲಿಸ್ ಟೆಸ್ಟ್ ಕೂಡ ಒಂದು. ನಮ್ಮ ಕಡೆ ಅದಕ್ಕೆ ಈಗಲೂ ವಿಡಿಆರ್‌ಎಲ್ ಅಂತಲೇ ಹೆಸರು. ತಾಯಿಯಿಂದ ಮಗುವಿಗೆ ಎಚ್‌ಐವಿ, ಸಿಫಿಲಿಸ್ ಹರಡದಂತೆ ಮಾಡುವುದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ 5ನೇ ಹಂತದ (2021-26) ಗುರಿಗಳಲ್ಲೊಂದು. ಎಷ್ಟು ಜನಕ್ಕೆ ಟೆಸ್ಟ್ ಆಯ್ತು ಅಂತ ಮೀಟಿಂಗ್‌ಗಳಲ್ಲಿ ಕೇಳ್ತಾರೆ. ಸರಿಯಾಗಿ ಆಯ್ತಾ ಅಂತ ಕೇಳೋರು ಕಡಿಮೆ.

ಕೇಳಲೇಬೇಕಾದ ಪ್ರಶ್ನೆ ಇದು. ರೋಗ ಇದ್ದೂ 'ನೆಗೆಟಿವ್' ಬಂದರೆ ಗರ್ಭಪಾತ ಆಗಬಹುದು, ಮಗು ಹೊಟ್ಟೆಯಲ್ಲೇ ಸಾಯಬಹುದು. ಸಕಾಲಕ್ಕೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರೆ ಬಹುತೇಕ ತಪ್ಪಿಸಬಹುದಾದ ಸಾವು ಅದು. ರೋಗ ಇಲ್ಲದೆ 'ಪಾಸಿಟಿವ್' ಬಂದರೆ ಮನೆಯೇ ಒಡೆಯುತ್ತೆ.

ಟೆಸ್ಟ್ ನೋಡೋಕೆ ಸುಲಭ. ಆರ್‌ಪಿಆರ್ ವಿಧಾನದಲ್ಲಿ ಕಾರ್ಡ್ ಮೇಲೆ ಒಂದು ಹನಿ ಸೀರಂ, ಮೇಲೊಂದು ಹನಿ ಕರಿ ಚುಕ್ಕಿಯ ದ್ರಾವಣ. ರೋಟೇಟರ್ ಯಂತ್ರದಲ್ಲಿ ನಿಮಿಷಕ್ಕೆ 100 ಸುತ್ತಿನಂತೆ 8 ನಿಮಿಷ ತಿರುಗಿಸಿ, ಗಡ್ಡೆ ಕಟ್ಟಿದೆಯಾ ಅಂತ ಕಣ್ಣಲ್ಲೇ ನೋಡೋದು. ಯಂತ್ರ ಇಲ್ಲ ಅಂತ ಕೈಯಲ್ಲೇ ಅಲ್ಲಾಡಿಸಿದರೆ, 8 ನಿಮಿಷದ ಬದಲು ಟೀ ಕುಡಿದು ಬಂದು ನೋಡಿದರೆ, ಫಲಿತಾಂಶದ ಮೇಲೆ ಭರವಸೆ ಇಡೋ ಹಾಗಿಲ್ಲ. ದ್ರಾವಣ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಟೆಸ್ಟ್ ಮಾಡೋವಾಗ ಕೋಣೆ 23ರಿಂದ 29 ಡಿಗ್ರಿ. ಪಾವಗಡದ ಏಪ್ರಿಲ್ ಬಿಸಿಲಲ್ಲಿ, ಕರೆಂಟ್ ಹೋದ ಮಧ್ಯಾಹ್ನ, ಶೀಟಿನ ಮಳಿಗೆಯಲ್ಲಿ 29 ಡಿಗ್ರಿ ಎಲ್ಲಿಂದ ತರೋದು? ದೇಶಕ್ಕೇ ಕರೆಂಟ್ ಕೊಡೋ ಸೋಲಾರ್ ಪಾರ್ಕ್ ಇರೋ ತಾಲೂಕಲ್ಲಿ ಈ ಮಾತು ಬರೆಯಬೇಕಾಗಿ ಬಂದಿದೆ ನೋಡಿ.

ಇದಕ್ಕೇ ದಿನಾ ಬೆಳಿಗ್ಗೆ ಕಂಟ್ರೋಲ್ ಹಾಕಬೇಕು. ಅಂದ್ರೆ ಖಚಿತವಾಗಿ ಪಾಸಿಟಿವ್ ಆಗಿರೋ ಒಂದು, ನೆಗೆಟಿವ್ ಆಗಿರೋ ಒಂದು ಮಾದರಿಯನ್ನ ಮೊದಲು ಓಡಿಸಿ, ಅವು ಸರಿ ಬಂದ ಮೇಲಷ್ಟೇ ಜನರ ರಕ್ತ ಮುಟ್ಟೋದು. ಅಂಗಡಿ ತೆಗೆದಾಗ ಮೊದಲು ತಕ್ಕಡಿ ಮುಳ್ಳು ನೋಡಿಕೊಳ್ಳೋ ಹಾಗೆ. ಇದು ಸಾಲದು ಅಂತ ಹೊರಗಿನ ದೊಡ್ಡ ಲ್ಯಾಬ್ ಉತ್ತರ ಹೇಳದೆ ಮಾದರಿ ಕಳಿಸಿ, ಇಲ್ಲಿಯವರ ಫಲಿತಾಂಶ ತಾಳೆ ನೋಡೋ ವ್ಯವಸ್ಥೆಯೂ ಇದೆ. ಅದರಲ್ಲಿ ಸೇರದ ಲ್ಯಾಬಿಗೆ ತನ್ನ ತಪ್ಪು ತನಗೇ ಗೊತ್ತಾಗಲ್ಲ.

ಎಲ್ಲ ಸರಿ ಮಾಡಿದರೂ ಪಾಸಿಟಿವ್ ಅಂದ್ರೆ ಸಿಫಿಲಿಸ್ಸೇ ಅಂತ ಅಲ್ಲ. ಗರ್ಭಿಣಿಯರಲ್ಲಿ, ವಯಸ್ಸಾದವರಲ್ಲಿ, ಮಲೇರಿಯಾ ಅಥವಾ ಕುಷ್ಠ ಇದ್ದವರಲ್ಲಿ ಆರ್‌ಪಿಆರ್ ಸುಳ್ಳು ಪಾಸಿಟಿವ್ ಬರಬಹುದು. ಅದಕ್ಕೇ ಟಿಪಿಎಚ್‌ಎ ಅನ್ನೋ ಎರಡನೇ ಟೆಸ್ಟ್ ಬೇಕು. ಅದಕ್ಕೂ ಒಂದು ತೊಡಕು: ಒಮ್ಮೆ ರೋಗ ಬಂದು ವಾಸಿಯಾದವರಲ್ಲೂ ಸಾಮಾನ್ಯವಾಗಿ ಅದು ಜೀವನಪೂರ್ತಿ ಪಾಸಿಟಿವ್ ಆಗೇ ಉಳಿಯುತ್ತೆ. ಹತ್ತು ವರ್ಷದ ಹಿಂದೆ ಇಂಜೆಕ್ಷನ್ ತಗೊಂಡವನ ಮೇಲೆ ಈ ಒಂದು ಚೀಟಿ ಹಿಡಿದು ಇವತ್ತು ಪಂಚಾಯ್ತಿ ಸೇರಿಸೋದು ಅನ್ಯಾಯ.

ರಿಪೋರ್ಟಲ್ಲಿ 'ರಿಯಾಕ್ಟಿವ್' ಅಂತ ಮಾತ್ರ ಇದ್ದರೆ ಟೈಟರ್ ಎಷ್ಟು ಅಂತ ಕೇಳಿ. 1:8, 1:32 ಅಂತ ಬರೆದಿರಬೇಕು. ಚಿಕಿತ್ಸೆ ಕೆಲಸ ಮಾಡ್ತಾ ಅಂತ ತಿಳಿಯೋದು ಆ ಅಂಕಿಯಿಂದಲೇ. 1:32 ಇದ್ದದ್ದು 1:8ಕ್ಕೆ ಇಳಿದರೆ ಔಷಧಿ ಹಿಡಿದಿದೆ ಅಂತ ಅರ್ಥ. ಆದರೆ ಎರಡೂ ಸಲ ಅದೇ ವಿಧಾನ, ಸಾಧ್ಯವಾದರೆ ಅದೇ ಲ್ಯಾಬ್ ಆಗಿರಬೇಕು. ಪರಿಚಯದವರು ನೋಡ್ತಾರೆ ಅಂತ ಮೊದಲನೇ ಸಲ ಕೊರಟಗೆರೆಯಲ್ಲಿ, ಎರಡನೇ ಸಲ ತುಮಕೂರಲ್ಲಿ, ಇಲ್ಲ ಗಡಿ ದಾಟಿ ಹಿಂದೂಪುರದಲ್ಲಿ ಮಾಡಿಸಿದರೆ ಎರಡು ಅಂಕಿ ಹೋಲಿಸೋಕೆ ಬರಲ್ಲ. ಗುಟ್ಟು ಕಾಯದ ಲ್ಯಾಬ್ ಹೀಗೆ ಟೆಸ್ಟಿನ ಗುಣಮಟ್ಟವನ್ನೂ ಕೆಡಿಸುತ್ತೆ.

ಗೊನೊರಿಯಾ ಕಥೆ ಬೇರೆ. ಅದರ ಬ್ಯಾಕ್ಟೀರಿಯಾ ಮೈಯಿಂದ ಹೊರಗೆ ಬಂದರೆ ಬೇಗ ಸಾಯುತ್ತೆ, ಶಿರಾದಿಂದ ಬಸ್ಸಲ್ಲಿ ಮಾದರಿ ಕಳಿಸಿ ಕಲ್ಚರ್ ಮಾಡಿಸೋದು ಕಷ್ಟ. ಹಾಗಾಗಿ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲಕ್ಷಣ ನೋಡಿಯೇ ಬಣ್ಣದ ಕಿಟ್‌ನಲ್ಲಿ ಮಾತ್ರೆ ಕೊಡ್ತಾರೆ. ಮೆಡಿಕಲ್ ಸ್ಟೋರಿನವರಿಗೆ ಒಂದು ಮಾತು: ಚೀಟಿ ಇಲ್ಲದೆ ಕೊಟ್ಟ ಒಂದು ಅಜಿತ್ರೋಮೈಸಿನ್ ಮಾತ್ರೆ, ಆಮೇಲೆ ಮಾಡೋ ಕಲ್ಚರ್‌ನಲ್ಲಿ ರೋಗವನ್ನ ಮರೆಮಾಡಬಹುದು.

ಲ್ಯಾಬ್‌ಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. ಗೋಡೆ ಮೇಲಿನ ಆ ಸರ್ಟಿಫಿಕೇಟ್ ಲ್ಯಾಬ್ ಇದೆ ಅಂತ ಹೇಳುತ್ತೆ, ಇವತ್ತಿನ ಕಂಟ್ರೋಲ್ ಸರಿ ಬಂತು ಅಂತಲ್ಲ. ಅದು ಬರೆದಿಡೋ ಪುಸ್ತಕದಲ್ಲಿರುತ್ತೆ, ತೋರಿಸಿ ಅಂತ ಕೇಳಬಹುದು. ದೂರು ಇದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ತುಮಕೂರಿಗೆ ಬರೆಯಬೇಕು.