‘ಸಾಕು’ ಎಂಬ ಮಾತಿಗೆ ಬೆಲೆಯಿಲ್ಲವೆ?

ನಮ್ಮ ಗದಗ ಸೀಮೆಯಲ್ಲಿ ಉಣ್ಣಲು ಕುಳಿತವನು ಆಡುವ ಮಾತುಗಳಲ್ಲಿ ಕಿಂಚಿತ್ತೂ ಬೆಲೆಯಿಲ್ಲದ ಮಾತೊಂದಿದೆ; ಅದು ‘ಸಾಕು’. ಅಂತೂರ ಬೆಂತೂರಿನ ಪಡಸಾಲೆಯಾಗಲಿ, ಹುಬ್ಬಳ್ಳಿಯ ಕಲ್ಯಾಣಮಂಟಪವಾಗಲಿ, ಎಲೆಗೆ ಕೈ ಅಡ್ಡ ಹಿಡಿದವನ ಬೆರಳ ಸಂದಿಯಲ್ಲೇ ಮತ್ತೊಂದು ಹೋಳಿಗೆ ಜಾರಿಬೀಳುತ್ತದೆ. ‘ನಾಚಬ್ಯಾಡ್ರಿ, ಇದೊಂದು ತಗೋರಿ’ ಎಂಬ ಉಪಚಾರ ಬೇರೆ. ಇದನ್ನು ಆದರಾತಿಥ್ಯವೆಂದು ಹೊಗಳುವ ಮಹನೀಯರಿದ್ದಾರೆ. ನಾನಾದರೋ ಇದನ್ನು ಪ್ರೀತಿಯ ಹೆಸರಿನ ಜುಲುಮೆಯೆನ್ನುತ್ತೇನೆ.

ಈ ವಾಡಿಕೆಗೆ ಬೇರು ಇಲ್ಲದಿಲ್ಲ. 1876-78ರ ಬರದಲ್ಲಿ ಅಂದಿನ ಧಾರವಾಡ ಜಿಲ್ಲೆ ಹಿಡಿ ಕಾಳಿಗೆ ಬಾಯಿಬಿಟ್ಟಿತ್ತು. ಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕದಲ್ಲಿ ಕೂಲಿ ಕಟ್ಟಿದವನು ಸರ್ ರಿಚರ್ಡ್ ಟೆಂಪಲ್. ಅಂಥದನ್ನು ಕಂಡ ನೆಲದಲ್ಲಿ ಹೊಟ್ಟೆ ತುಂಬ ಬಡಿಸುವುದೇ ಅಂತಃಕರಣವೆನಿಸಿದ್ದರೆ ಆಶ್ಚರ್ಯವಿಲ್ಲ. ಎರೆ ಹೊಲದಲ್ಲಿ ದಿನವಿಡೀ ಕುಂಟೆ ಹೊಡೆದು ಬಂದವನಿಗೆ ನಾಲ್ಕು ಜೋಳದ ರೊಟ್ಟಿ ಹೆಚ್ಚೂ ಅಲ್ಲ. ಆದರೆ ಅವನ ಮೊಮ್ಮಗ ಪೇಟೆಯಲ್ಲಿ ಕುರ್ಚಿಯ ಮೇಲೆ ಕುಳಿತು ದುಡಿಯುತ್ತಾನೆ. ಅಜ್ಜನ ದುಡಿಮೆ ಬಿಟ್ಟಾಯಿತು. ಅಜ್ಜನ ಊಟ ಬಿಡಲಿಲ್ಲ. ಅದರ ಮೇಲೆ ಅನ್ನದ ರಾಶಿ, ಸಂಜೆಗೆ ಮಿರ್ಚಿ ಭಜಿ, ಸಕ್ಕರೆ ಸುರಿದ ಚಹಾ!

ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ, 2023ರಲ್ಲಿ ಪ್ರಕಟವಾದ ಸಮೀಕ್ಷೆ ಹೇಳುತ್ತದೆ. ಅದಕ್ಕೆ ಊಟವೊಂದೇ ಕಾರಣವಲ್ಲ. ವಂಶವೂ ಉಂಟು, ಮೈಗಳ್ಳತನವೂ ಉಂಟು. ಆದರೂ ಪಂಕ್ತಿಯಲ್ಲಿ ಕುಳಿತ ಹತ್ತು ಜನರಲ್ಲಿ ಒಬ್ಬನಿಗಾದರೂ ನಮ್ಮ ಎರಡನೆಯ ಹೋಳಿಗೆ ವಿಷವಾಗಬಹುದೆಂಬ ಅರಿವು ಬಡಿಸುವವರಿಗೆ ಬೇಡವೆ?

ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಮುಟ್ಟಲು ಸುಮಾರು 20 ನಿಮಿಷ ಹಿಡಿಯುತ್ತದೆಯೆಂದು ವೈದ್ಯರು ಹೇಳುತ್ತಾರೆ. ಹತ್ತೇ ನಿಮಿಷದಲ್ಲಿ ಮೂರು ಸಲ ಬಡಿಸಿದರೆ ಆ ಸುದ್ದಿ ಬರುವ ಮೊದಲೇ ಅನಾಹುತ ಮುಗಿದಿರುತ್ತದೆ. ಇದು ಪಶ್ಚಿಮದಿಂದ ಬಂದ ಹೊಸ ಶೋಕಿಯೂ ಅಲ್ಲ. ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ನಾಲ್ಕನೆಯದು ಗಾಳಿಗೆ ಎಂದು ‘ಅಷ್ಟಾಂಗ ಹೃದಯ’ದಲ್ಲಿ ವಾಗ್ಭಟ ಎಂದೋ ವಿಧಿಸಿದ್ದಾನೆ. ಜಪಾನಿನ ಓಕಿನಾವಾ ದ್ವೀಪದ ಹಿರಿಯರು ಹತ್ತರಲ್ಲಿ ಎಂಟು ಪಾಲು ತುಂಬಿದೊಡನೆ ಕೈ ತೊಳೆಯಬೇಕೆನ್ನುತ್ತಾರೆ. ನಾವೋ, ತೇಗು ಬಂದಮೇಲೂ ಮೊಸರನ್ನಕ್ಕೆ ಜಾಗ ಹುಡುಕುತ್ತೇವೆ.

‘ಎಲೆಯಲ್ಲಿ ಬಿಟ್ಟರೆ ಪ್ರಸಾದ ಕೆಡಿಸಿದಂತಲ್ಲವೆ?’ ಎಂದು ಕೇಳುವವರಿದ್ದಾರೆ. ನಿಜ, ಶರಣರ ನಾಡಿನಲ್ಲಿ ಅನ್ನ ಕೆಡಿಸುವುದು ಸಲ್ಲದು. ಆದರೆ ಬೇಡವೆಂದವನ ಎಲೆಗೆ ಹಾಕಿದ ಅನ್ನವನ್ನು ಕೆಡಿಸಿದವರು ಯಾರು? ಹಾಕಿದವರೇ. ಅವನು ಪಾಪಕ್ಕೆ ಹೆದರಿ ನುಂಗಿದನೆಂದರೆ ಅನ್ನ ಉಳಿಯಲಿಲ್ಲ, ಅವನ ಮೈಯೂ ಕೆಟ್ಟಿತು. ಬೇಕಾದಷ್ಟೇ ಹಾಕಿಸಿಕೊಂಡು ಎಲೆ ಬರಿದು ಮಾಡುವವನೇ ಪ್ರಸಾದದ ಮರ್ಯಾದೆ ಕಾಯುವವನು.

ಈ ಮಾತು ಅರೆಹೊಟ್ಟೆಯವರಿಗಲ್ಲ. ಹಸಿದವನಿಗೆ ಮಿತಾಹಾರ ಬೋಧಿಸುವುದು ಕ್ರೌರ್ಯ. ಎಲ್ಲರಿಗೂ ಒತ್ತಿ ಒತ್ತಿ ಬಡಿಸಿ ಕಡೆಗೆ ಪಾತ್ರೆಯ ತಳ ಕೆರೆದು ಉಣ್ಣುವ ಗೃಹಿಣಿಗೂ ಇದು ಅನ್ವಯಿಸದು. ಆಕೆ ಎಲ್ಲರೊಡನೆ ಕುಳಿತು ಉಣ್ಣಲಿ. ನಾನು ಹೇಳುತ್ತಿರುವುದು ಉಂಡು ಹೆಚ್ಚಾದ ನಮ್ಮಂಥವರಿಗೆ. ಮೊದಲು ಅರ್ಧ ಹಾಕಿಸಿಕೊಳ್ಳೋಣ, ನಿಧಾನವಾಗಿ ಅಗಿಯೋಣ, ಇನ್ನೊಂದು ತುತ್ತು ಹಿಡಿಸೀತು ಎನ್ನುವಾಗಲೇ ಏಳೋಣ. ಬಡಿಸುವಾಗ ಒಮ್ಮೆ ಕೇಳೋಣ. ಎರಡನೆಯ ಸಲ ಕೇಳಬೇಕಾದವನು ಉಣ್ಣುವವನು. ರೊಟ್ಟಿಯ ಬುಟ್ಟಿ ನಡುವೆ ಇದ್ದರೆ ಯಾರೂ ಹಸಿದು ಏಳುವುದಿಲ್ಲ. ಅತಿಥಿಯ ಹೊಟ್ಟೆಯ ಅಳತೆ ಅತಿಥಿಗೇ ಗೊತ್ತು. ಅವನ ‘ಸಾಕು’ ಅನ್ನು ನಂಬುವುದೇ ಅವನಿಗೆ ನಾವು ಮಾಡುವ ಸತ್ಕಾರ.